ಹಳೇ ಪೆಟ್ಟಿಗೆ, ಕೋಠಿಯ ಬೋರ್ಡು

ಹಳೆಯ ಆಂಪ್ಲಿಫೈಯರಿನ ಸುಟ್ಟುಹೋದ ಬೋರ್ಡನ್ನು ಬಿಚ್ಚಿ ತೆಗೆದು, ಅದೇ ಸ್ಕ್ರೂ ತೂತುಗಳಿಗೆ ಕೂರುವ, ಅದೇ ಟ್ರಾನ್ಸ್‌ಫಾರ್ಮರಿನ ವೋಲ್ಟೇಜಿಗೆ ಹೊಂದುವ ಹೊಸ ಬೋರ್ಡಿನ ಕಿಟ್ ತಂದು ಹಾಕುವುದು ಈಗ ಹಲವು ದೇಶಗಳಲ್ಲಿ ನಡೆಯುವ ಕೆಲಸ. ಅದರ ಬೆನ್ನಿಗೇ ಒಂದು ತಕರಾರೂ ಇದೆ. ಒಳಗಿನದನ್ನೆಲ್ಲ ಬದಲಿಸಿದ ಮೇಲೆ ಉಳಿಯುವುದು ಹಳೆಯ ಯಂತ್ರವೋ, ಹಳೆಯ ತಗಡಿನ ಡಬ್ಬದಲ್ಲಿ ಕೂತ ಹೊಸ ಯಂತ್ರವೋ? ಹಳೆಯ ಸಾಮಾನು ಸಂಗ್ರಹಿಸುವವರಿಗೆ ಈ ಪ್ರಶ್ನೆ ಬರೀ ತತ್ತ್ವಜ್ಞಾನವಲ್ಲ. ಒಳಗೆ ಕೈಯಾಡಿಸಿಲ್ಲ ಎಂಬ ಒಂದೇ ಕಾರಣಕ್ಕೆ ಸತ್ತ ಯಂತ್ರಕ್ಕೂ ಬೆಲೆ ಬರುತ್ತದೆ. ಬ್ರಿಟನ್ನಿನಲ್ಲೋ ಅಮೆರಿಕದಲ್ಲೋ ಒಪ್ಪಿತವಾದ ಈ ಅಳತೆಗೋಲನ್ನು ಹಾಗೇ ತಂದು ಹೈದರಾಬಾದಿನ ಮುಂದೆ ಹಿಡಿದರೆ ಲೆಕ್ಕ ತಪ್ಪುತ್ತದೆ ಎಂಬುದು ನನ್ನ ವಾದ. ಈ ಊರಿನಲ್ಲಿ ಧ್ವನಿಯ ಕಸುಬು ಬೆಳೆದದ್ದೇ ಬದಲಿ ಭಾಗಗಳ ಮೇಲೆ. ಇಲ್ಲಿ ಮಾಡಿದ, ಇಲ್ಲಿ ರಿಪೇರಿಯಾದ, ಇಲ್ಲಿಂದ ಬೀದರ್, ಕಲಬುರಗಿ, ರಾಯಚೂರಿನವರೆಗೆ ಹೋದ ಆಂಪ್ಲಿಫೈಯರುಗಳಿಗೆ ಇತಿಹಾಸ ಅಂತ ಏನಾದರೂ ಇದ್ದರೆ ಅದು ಬದಲಾವಣೆಗಳ ಇತಿಹಾಸ. ಇವತ್ತಿನ ಕಿಟ್ಟು ಆ ಸಾಲಿನಲ್ಲಿ ತೀರ ಈಚಿನದು, ಅಷ್ಟೇ.

ಆ ಸಾಲಿನ ಮೊದಲ ತುದಿಯನ್ನು ನೋಡಲು ರೇಡಿಯೊ ಬಂದ ಕಾಲಕ್ಕೆ ಹೋಗಬೇಕು. 1935 ಅಂದರೆ ಕನ್ನಡದ ಓದುಗರಿಗೆ ಮೈಸೂರು ನೆನಪಾಗುವುದು ಸಹಜ. ಆ ವರ್ಷದ ಸೆಪ್ಟೆಂಬರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ 30 ವ್ಯಾಟಿನ ಟ್ರಾನ್ಸ್‌ಮಿಟರಿನಲ್ಲಿ ‘ಆಕಾಶವಾಣಿ’ ಶುರುಮಾಡಿದರು. ಅದೇ ವರ್ಷದ ಫೆಬ್ರವರಿಯಲ್ಲಿ ಹೈದರಾಬಾದಿನಲ್ಲಿ, ಖಾಸಗಿಯವರು ನಡೆಸುತ್ತಿದ್ದ 200 ವ್ಯಾಟಿನ ಸಣ್ಣ ಕೇಂದ್ರವನ್ನು ನಿಜಾಮ ಸರ್ಕಾರ ವಹಿಸಿಕೊಂಡು ಡೆಕ್ಕನ್ ರೇಡಿಯೊ ನಡೆಸತೊಡಗಿತ್ತು. ಅದರ ಮುಖ್ಯ ಭಾಷೆ ಉರ್ದು. ಜೊತೆಗೆ ತೆಲುಗು, ಮರಾಠಿ, ಕನ್ನಡದ ಕಾರ್ಯಕ್ರಮಗಳೂ ಇದ್ದವು. ಸಂಸ್ಥಾನದ ಬೀದರ್, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಕನ್ನಡದವಾಗಿದ್ದವಲ್ಲ. 1948ರ ಸೆಪ್ಟೆಂಬರ್ 17ರಂದು ಭಾರತೀಯ ಸೇನೆಯೊಂದಿಗಿನ ಕದನವಿರಾಮದ ಸುದ್ದಿಯನ್ನು ನಿಜಾಮರು ಪ್ರಜೆಗಳಿಗೆ ತಿಳಿಸಿದ್ದು ರೇಡಿಯೊ ಮೂಲಕವೇ. 1950ರಲ್ಲಿ ಕೇಂದ್ರ ಆಲ್ ಇಂಡಿಯಾ ರೇಡಿಯೊಗೆ ಸೇರಿತು. ಪ್ರಸಾರದ ಈ ಕಥೆ ಪುಸ್ತಕಗಳಲ್ಲಿ ಸಿಗುತ್ತದೆ. ಕೇಳುವ ಪೆಟ್ಟಿಗೆಯ ಕಥೆಯನ್ನು ಬರೆದವರು ಕಡಿಮೆ. ಆಗಿನ ಸೆಟ್ಟುಗಳು ಬಹುಪಾಲು ಹೊರದೇಶದವು. ಚಳಿ ದೇಶದ ಡ್ರಾಯಿಂಗ್ ರೂಮಿಗೆಂದು ಮಾಡಿದ ಪೆಟ್ಟಿಗೆ ದಖನ್ನಿನ ಬೇಸಿಗೆಯಲ್ಲಿ, ಇರಾನಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಮೇಲಿನ ಸ್ಟ್ಯಾಂಡಿನಲ್ಲಿ, ಬೆಳಗಿನ ಚಹಾದಿಂದ ರಾತ್ರಿಯ ಬಾಗಿಲು ಹಾಕುವವರೆಗೆ ಹಾಡಬೇಕಿತ್ತು. ಕಂಡೆನ್ಸರಿನ ಮೇಣ ಕರಗಿದರೆ, ವಾಲ್ವು ಕೂತುಹೋದರೆ ಅದೇ ಕಂಪನಿಯ ಅದೇ ಭಾಗ ಹಡಗಿನಲ್ಲಿ ಬರುವ ತನಕ ಯಾರೂ ಕಾಯುತ್ತಿರಲಿಲ್ಲ. ಮಹಾಯುದ್ಧದ ವರ್ಷಗಳಲ್ಲಂತೂ ಕಾದರೂ ಬರುವಂತಿರಲಿಲ್ಲ. ಸಿಕ್ಕ ವಾಲ್ವಿಗೆ ತಕ್ಕಂತೆ ಸಾಕೆಟ್ಟು ಬದಲಿಸಿ, ರೆಸಿಸ್ಟರು ಬದಲಿಸಿ ಸೆಟ್ಟನ್ನು ಹಾಡಿಸುವುದೇ ಮೆಕ್ಯಾನಿಕ್ಕನ ವಿದ್ಯೆ. ಚತ್ತಾ ಬಜಾರಿನ ಮಹಬೂಬ್ ರೇಡಿಯೊ ಸರ್ವಿಸಿನಂಥ ಅಂಗಡಿಗಳು ಆ ವಿದ್ಯೆಯ ಕುರುಹಾಗಿ ನಮ್ಮ ಕಾಲದವರೆಗೂ ಹೆಸರು ಉಳಿಸಿಕೊಂಡವು.

ಸ್ವಾತಂತ್ರ್ಯದ ನಂತರ ದೇಶವೇ ಈ ಮೆಕ್ಯಾನಿಕ್ಕನ ದಾರಿ ಹಿಡಿಯಿತು ಎಂದರೆ ಉತ್ಪ್ರೇಕ್ಷೆಯಲ್ಲ. 1954ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) 1961ರಲ್ಲಿ ರೇಡಿಯೊ ವಾಲ್ವುಗಳನ್ನು, 1962ರಲ್ಲಿ ಜರ್ಮೇನಿಯಮ್ ಟ್ರಾನ್ಸಿಸ್ಟರುಗಳನ್ನು ಮಾಡತೊಡಗಿತು. ಅಣುಶಕ್ತಿ ಇಲಾಖೆ 1967ರ ಏಪ್ರಿಲಿನಲ್ಲಿ ಹೈದರಾಬಾದಿನಲ್ಲಿ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ (ಇಸಿಐಎಲ್) ತೆರೆಯಿತು. ಅದನ್ನು ಕಟ್ಟಿದ ಎ.ಎಸ್. ರಾವ್ ಅವರ ಹೆಸರಿನ ಬಡಾವಣೆ ಇಂದಿಗೂ ಆ ಕಾರ್ಖಾನೆಯ ಆಸುಪಾಸಿನಲ್ಲಿದೆ. 1969ರಲ್ಲಿ ಅದು ಟಿಡಿಸಿ-12 ಎಂಬ ಕಂಪ್ಯೂಟರ್ ಮಾಡಿತು. 1975ರ ಆಗಸ್ಟಿನಿಂದ ಒಂದು ವರ್ಷ ನಡೆದ ಉಪಗ್ರಹ ಬೋಧನೆಯ ‘ಸೈಟ್’ ಪ್ರಯೋಗಕ್ಕೆ ಟೀವಿ ಸೆಟ್ಟುಗಳನ್ನು ಮಾಡಿಕೊಟ್ಟಿದ್ದೂ ಅದೇ. ಆ ಪ್ರಯೋಗದ ಸುಮಾರು 2,400 ಹಳ್ಳಿಗಳಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದ್ದವು. ಹಾಗಾಗಿ ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಯವರು ಕಂಡ ಮೊದಲ ಟೀವಿ ಹೈದರಾಬಾದಿನದು. ಇದನ್ನೇ ಹಿಡಿದು ಒಬ್ಬರು ನನ್ನ ವಾದಕ್ಕೆ ಅಡ್ಡ ಬರಬಹುದು: ಈ ಊರಿನಲ್ಲಿ ಸ್ವಂತ ವಿನ್ಯಾಸವೂ ಇತ್ತು, ಬರೀ ಬದಲಿಯ ಊರು ಎನ್ನುವುದು ಅನ್ಯಾಯ. ಇತ್ತು, ನಿಜ. ಆದರೆ ಆ ವಿನ್ಯಾಸಗಳ ಹಿಂದಿನ ಒತ್ತಡ ಯಾವುದು? ಆಮದಿಗೆ ಬದಲಿ ಹುಡುಕಬೇಕೆಂಬ ಸರ್ಕಾರದ ನೀತಿ. ಹೊರಗಿನದು ಸಿಗುವುದಿಲ್ಲ, ಸಿಕ್ಕರೂ ವಿದೇಶಿ ವಿನಿಮಯವಿಲ್ಲ, ಆದ್ದರಿಂದ ಇಲ್ಲಿರುವುದರಲ್ಲಿ ಅದೇ ಕೆಲಸ ತೆಗೆಯಬೇಕು. ಚೆರ್ಲಪಲ್ಲಿಯ ಇಸಿಐಎಲ್ ಕಾರ್ಖಾನೆಯ ಎಂಜಿನಿಯರಿಗೂ ಊರೊಳಗಿನ ಕೋಠಿಯ ಗಲ್ಲಿಯಲ್ಲಿ ಬೆಸುಗೆ ಹಾಕುತ್ತಿದ್ದವನಿಗೂ ಓದಿನಲ್ಲಿ, ಸಂಬಳದಲ್ಲಿ ಅಜಗಜಾಂತರ. ಮುಂದಿದ್ದ ಲೆಕ್ಕ ಮಾತ್ರ ಒಂದೇ.

ಆ ಕಾಲದ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನ ಸರ್ಕ್ಯೂಟೇ ಒಂದು ಕೊರತೆಯಿಂದ ಹುಟ್ಟಿದ್ದು ಎಂಬುದನ್ನು ಇಲ್ಲಿ ಹೇಳಲೇಬೇಕು. ಧ್ವನಿಯ ಅಲೆಯ ಮೇಲರ್ಧವನ್ನು ಒಂದು ಟ್ರಾನ್ಸಿಸ್ಟರೂ ಕೆಳಗಿನರ್ಧವನ್ನು ಅದಕ್ಕೆ ತದ್ವಿರುದ್ಧ ಗುಣದ ಇನ್ನೊಂದೂ ಹೊರಬೇಕು. ಒಂದು ಎನ್‌ಪಿಎನ್, ಒಂದು ಪಿಎನ್‌ಪಿ. ಆದರೆ ಹೆಚ್ಚು ಶಕ್ತಿಯ ಒಳ್ಳೆಯ ತದ್ವಿರುದ್ಧ ಜೋಡಿ ಬಹುಕಾಲ ಸುಲಭವಾಗಿ ಸಿಗುತ್ತಿರಲಿಲ್ಲ. 1956ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿಯಲ್ಲಿದ್ದ ಎಚ್.ಸಿ. ಲಿನ್ ಒಂದು ಉಪಾಯ ಮಾಡಿದರು. ಹೊರೆ ಹೊರುವ ಜಾಗದಲ್ಲಿ ಎರಡೂ ಒಂದೇ ಜಾತಿಯವು. ಅವುಗಳ ಹಿಂದಿನ ಸಣ್ಣ ಡ್ರೈವರುಗಳು ಮಾತ್ರ ತದ್ವಿರುದ್ಧ ಜೋಡಿ. ಭಾರತದ ಮೈಕ್‌ಸೆಟ್ಟುಗಳಲ್ಲಿ ವರ್ಷಗಟ್ಟಲೆ ರಾಜ್ಯವಾಳಿದ್ದು ಈ ಉಪಾಯವೇ: ಲೋಹದ ಟೋಪಿಯಂಥ ಎರಡು 2ಎನ್3055, ಅವುಗಳ ಹಿಂದೆ ಎಸ್‌ಎಲ್100 ಮತ್ತು ಎಸ್‌ಕೆ100. ಬಿಇಎಲ್ಲಿನ ಮುದ್ರೆಯ 2ಎನ್3055 ಸಿಗುತ್ತಿದ್ದುದರಿಂದ ಈ ಜೋಡಣೆ ಕಾರ್ಖಾನೆಗೂ ಗಲ್ಲಿಗೂ ಸಮಾನವಾಗಿ ಒಗ್ಗಿತು. ಮೂಲವನ್ನೇ ಉಳಿಸಬೇಕು ಎನ್ನುವವರು ಉಳಿಸಲು ಹೊರಟಿರುವ ಮೂಲ ಇದು: ಸಿಗದ ಭಾಗವೊಂದರ ಜಾಗದಲ್ಲಿ ಬುದ್ಧಿವಂತರೊಬ್ಬರು ಕೂರಿಸಿದ ಬದಲಿ.

ಇನ್ನು ಕೋಠಿಯ ಗುಜರಾತಿ ಗಲ್ಲಿ. ಬ್ಯಾಂಕ್ ಸ್ಟ್ರೀಟಿನ ಆಸುಪಾಸಿನ ಎಲೆಕ್ಟ್ರಾನಿಕ್ ಸಾಮಾನಿನ ಈ ಇಕ್ಕಟ್ಟಾದ ಓಣಿ ಬೆಂಗಳೂರಿನವರಿಗೆ ಎಸ್‌ಪಿ ರೋಡು ಹೇಗೋ ಹಾಗೆ. ಗಿರಾಕಿ ಬೇಕಾದ್ದನ್ನು ಕಂಪನಿಯ ಹೆಸರಿನಿಂದಲ್ಲ, ನಂಬರಿನಿಂದ ಕೇಳುತ್ತಾನೆ. ‘4440 ಬೋರ್ಡು’ ಎಂದರೆ ಎಲ್‌ಎ4440 ಐಸಿ ಕೂತ, ಕಾರಿನ ಬ್ಯಾಟರಿಯಲ್ಲೂ ಹಾಡುವ ಅಗ್ಗದ ಬೋರ್ಡು. ಎಸ್‌ಟಿಕೆ ಎಂದರೆ ಜಪಾನಿನ ಸಾನ್ಯೊ ಕಂಪನಿಯ, ಇಡೀ ಆಂಪ್ಲಿಫೈಯರನ್ನೇ ಒಂದು ಕರಿ ಬಿಲ್ಲೆಯಲ್ಲಿ ಅಡಗಿಸಿದ ಮಾಡ್ಯೂಲು. ‘5200-1943’ ಎಂದರೆ ತೋಶಿಬಾದ ಎರಡು ಟ್ರಾನ್ಸಿಸ್ಟರುಗಳ ನಂಬರಿನಲ್ಲಿ ಕರೆಯಲಾಗುವ, ಜಾತ್ರೆ-ಮದುವೆಯ ಸೆಟ್ಟುಗಳಿಗೆ ಬೇಕಾದ ದೊಡ್ಡ ಬೋರ್ಡು. ಮತ್ತು ಈ ಹೊತ್ತಿಗೆ ಅದರ ಮೇಲೆ ಕೂತಿರುವ ಟ್ರಾನ್ಸಿಸ್ಟರು ತೋಶಿಬಾದ್ದೇ ಎಂದು ಆಣೆಯಿಟ್ಟು ಹೇಳುವ ಧೈರ್ಯ ಯಾರಿಗೂ ಇರಲಾರದು. ಟ್ರಾನ್ಸ್‌ಫಾರ್ಮರಿನ ಭಾಷೆಯೂ ಹಾಗೇ: ‘12-0-12’, ‘24-0-24’, ಜೊತೆಗೆ ಎಷ್ಟು ಆಂಪ್ಸ್. ಖಾಲಿ ತಗಡಿನ ಕ್ಯಾಬಿನೆಟ್ಟು, ಮುಂದಿನ ಪ್ಯಾನೆಲು, ನಾಬುಗಳು, ಪಿನ್ನುಗಳು, ಹೀಟ್ ಸಿಂಕು, ಎಲ್ಲ ಬೇರೆ ಬೇರೆ ಅಂಗಡಿ. ಒಟ್ಟುಗೂಡಿಸಿದರೆ ಅಸೆಂಬಲ್ಡ್ ಸೆಟ್ಟು. 1956ರಲ್ಲಿ ಭಾಷೆಯ ಗೆರೆ ಎಳೆದು ಸಂಸ್ಥಾನವನ್ನು ಮೂರು ಪಾಲು ಮಾಡಿದರೂ ಸರಕಿನ ದಾರಿ ಬದಲಾಗಲಿಲ್ಲ. ಬೀದರಿನ ಮೈಕ್‌ಸೆಟ್ಟಿನವನಿಗೆ ಬೆಂಗಳೂರು ಸುಮಾರು 700 ಕಿಲೋಮೀಟರ್ ದೂರ, ಕೋಠಿ ಅದರ ಐದರಲ್ಲೊಂದು ಪಾಲು. ಬಂದೇ ನವಾಜರ ಉರುಸಿಗೂ ಶರಣಬಸವೇಶ್ವರರ ಜಾತ್ರೆಗೂ ಒಂದೇ ಆಂಪ್ಲಿಫೈಯರ್ ದುಡಿಯುವ ನಾಡಿನಲ್ಲಿ, ಸೆಟ್ಟು ಕೆಟ್ಟರೆ ಮೂಲ ಭಾಗ ಯಾವುದು ಎಂದು ಕೇಳುತ್ತ ಕೂರಲು ಪುರುಸೊತ್ತು ಯಾರಿಗಿದೆ? ನಾಳೆ ಸಂಜೆಯೊಳಗೆ ಅದು ಕೂಗಬೇಕು.

ಈ ಬಡತನದ ರೂಢಿಯನ್ನು ವಿಶ್ವದ ಶ್ರೇಷ್ಠ ಆಂಪ್ಲಿಫೈಯರುಗಳಿಗೆ ಹೋಲಿಸುವುದು ಸರಿಯೇ ಎಂದು ಕೇಳಬಹುದು. ಹೋಲಿಸಿ ನೋಡೋಣ. ಅಮೆರಿಕದ ಡೇವಿಡ್ ಹಾಫ್ಲರ್ 1959ರಲ್ಲಿ ತಂದ ಡೈನಕೊ ಸ್ಟೀರಿಯೊ 70 ವಾಲ್ವಿನ ಆಂಪ್ಲಿಫೈಯರುಗಳಲ್ಲೇ ಅತ್ಯಂತ ಹೆಚ್ಚು ಮಾರಾಟವಾದವುಗಳಲ್ಲಿ ಒಂದು. ಅದು ಬಹುಪಾಲು ಮಾರಾಟವಾದದ್ದು ಕಿಟ್ಟಾಗಿ. ನಡುವಿನ ಒಂದು ಬೋರ್ಡು ಮಾತ್ರ ಕಾರ್ಖಾನೆಯಲ್ಲೇ ಬೆಸೆದು ಬರುತ್ತಿತ್ತು, ಉಳಿದದ್ದನ್ನು ಕೊಂಡವನು ಮನೆಯ ಮೇಜಿನ ಮೇಲೆ ಜೋಡಿಸಿಕೊಳ್ಳಬೇಕು. ಮುಂದೆ ಆ ಬೋರ್ಡಿನ 7199 ವಾಲ್ವು ತಯಾರಿಕೆ ನಿಂತುಹೋದಾಗ, ಸಿಗುವ ವಾಲ್ವುಗಳಿಗೆ ಹೊಂದುವ ಬದಲಿ ಬೋರ್ಡುಗಳನ್ನು ಹಲವರು ಮಾಡಿ ಮಾರಿದರು. ಇಂದು ಜೀವಂತವಾಗಿರುವ ಎಷ್ಟೋ ಸ್ಟೀರಿಯೊ 70ಗಳ ಒಳಗಿರುವುದು ಅಂಥ ಬೋರ್ಡೇ. ಇಂಗ್ಲೆಂಡಿನ ಕ್ವಾಡ್ 303 ಇನ್ನೂ ಗೌರವಸ್ಥ ಮನೆತನದ್ದು: 1967ರಿಂದ 1985ರವರೆಗೆ ಬಂತು, ಚಾನೆಲ್ಲಿಗೆ 45 ವ್ಯಾಟು, ಲಿನ್ ಅವರ ಉಪಾಯದ ಸುಧಾರಿಸಿದ ರೂಪವೇ ಅದರ ಹೃದಯ. ಅದಕ್ಕೂ ಇಂದು ಅದೇ ಅಳತೆಯ, ಅದೇ ತೂತುಗಳ ಹೊಸ ಬೋರ್ಡಿನ ಕಿಟ್ಟುಗಳು ಸಿಗುತ್ತವೆ. ಬಿಡಿ ಭಾಗ ಕೊಂಡು ಕೂಡಿಸುವುದು ಅಲ್ಲಿ ಹವ್ಯಾಸವಾಗಿತ್ತು, ಇಲ್ಲಿ ಹೊಟ್ಟೆಪಾಡಾಗಿತ್ತು ಎಂಬ ವ್ಯತ್ಯಾಸವನ್ನು ಬಿಟ್ಟರೆ ಎರಡೂ ಒಂದೇ ಕುಲ. ಅಲ್ಲಿಯದನ್ನು ಪುನರುಜ್ಜೀವನ ಎಂದು ಹೊಗಳಿ ಇಲ್ಲಿಯದನ್ನು ಜುಗಾಡ್ ಎಂದು ಮೂಗು ಮುರಿಯುವವರ ಬಗ್ಗೆ ಹೆಚ್ಚು ಹೇಳದಿರುವುದೇ ವಾಸಿ.

ಆದರೂ ಸಂಗ್ರಹಕಾರರ ತಕರಾರಿನಲ್ಲಿ ಗಟ್ಟಿಯಾದ ಒಂದು ಅಂಶವಿದೆ. ಹಳೆಯ ಬೋರ್ಡು ಒಂದು ದಾಖಲೆ. ಅದರ ಮೇಲಿನ ಕಂಡೆನ್ಸರಿನ ಹೆಸರು, ಕೈಯಿಂದ ಎಳೆದಂತಿರುವ ತಾಮ್ರದ ಗೆರೆಗಳ ಓಟ, ಯಾವಾಗಲೋ ಯಾರೋ ಹಾಕಿದ ದಪ್ಪ ಬೆಸುಗೆ, ಇವೆಲ್ಲ ಒಂದು ಕಾಲದ ತಯಾರಿಕೆ ಹೇಗಿತ್ತೆಂದು ಹೇಳುತ್ತವೆ. ಬೋರ್ಡು ಬದಲಿಸಿದವನು ಆ ಸಾಕ್ಷ್ಯವನ್ನು ಕಸಕ್ಕೆ ಎಸೆದರೆ ನಷ್ಟ ಆಗುವುದು ನಿಜವೇ. ಆದರೆ ಇಲ್ಲಿ ತಪ್ಪು ಯಾವುದು? ಎಸೆದದ್ದು. ಬದಲಿಸಿದ್ದಲ್ಲ. ತೆಗೆದ ಬೋರ್ಡನ್ನು ಕಾಗದದಲ್ಲಿ ಸುತ್ತಿ ಕ್ಯಾಬಿನೆಟ್ಟಿನೊಳಗೇ ಕಟ್ಟಿಟ್ಟರೆ ದಾಖಲೆಯೂ ಉಳಿಯುತ್ತದೆ, ಹಾಡೂ ಉಳಿಯುತ್ತದೆ. ಮುಟ್ಟದೆ ಬಿಟ್ಟರೆ ಹಳೆಯದು ಹಳೆಯದಾಗಿಯೇ ಇರುತ್ತದೆ ಎಂಬ ನಂಬಿಕೆಗೂ ಆಧಾರವಿಲ್ಲ. ಎಲೆಕ್ಟ್ರೊಲಿಟಿಕ್ ಕಂಡೆನ್ಸರಿನೊಳಗಿನ ದ್ರವ ಆರುತ್ತಲೇ ಇರುತ್ತದೆ. ಶಾಖ 10 ಡಿಗ್ರಿ ಏರಿದರೆ ಅದರ ಆಯುಷ್ಯ ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳ ಲೆಕ್ಕ. ಹೊರಗೆ 40 ಡಿಗ್ರಿ ದಾಟುವ ಊರಿನಲ್ಲಿ, ಮುಚ್ಚಿದ ತಗಡಿನೊಳಗೆ, ಬಿಸಿ ಟ್ರಾನ್ಸ್‌ಫಾರ್ಮರಿನ ಪಕ್ಕದಲ್ಲಿ ಕೂತ ಕಂಡೆನ್ಸರಿನ ಪಾಡು ಏನು ಎಂದು ಬಿಡಿಸಿ ಹೇಳಬೇಕಿಲ್ಲ. ಕಾಗದ ಮತ್ತು ಫಿನಾಲಿಕ್ ರಾಳದ ಆ ಕಂದು ಬೋರ್ಡೂ ಅಷ್ಟೆ. ವ್ಯಾಟ್ ಹೆಚ್ಚಿನ ರೆಸಿಸ್ಟರಿನ ಕೆಳಗೆ ಮೊದಲು ಕಪ್ಪಾಗುತ್ತದೆ, ಆಮೇಲೆ ಪುಡಿಯಾಗುತ್ತದೆ. ಎರಡು ಮೂರು ಸಲ ಬೆಸುಗೆ ಬಿಡಿಸಿ ಹಾಕಿದರೆ ತಾಮ್ರದ ಗೆರೆ ಸಿಪ್ಪೆಯಂತೆ ಎದ್ದು ಬರುತ್ತದೆ. ಅಂಥ ಬೋರ್ಡಿನ ಮೇಲೆ ಒಂದೊಂದೇ ಭಾಗ ಬದಲಿಸುತ್ತ ಹೋಗುವುದು ದಾಖಲೆಯನ್ನು ಉಳಿಸುವ ಬದಲು ಮೆಲ್ಲಗೆ ಹರಿದುಹಾಕುತ್ತದೆ. ಒಟ್ಟಾಗಿ ತೆಗೆದಿಡುವುದು ಅದಕ್ಕಿಂತ ಮೇಲು. ಹರಿದ ಚರ್ಮದ ಹೊದಿಕೆಯನ್ನು ಬದಲಿಸಿದ ತಬಲಾವನ್ನು ನುಡಿಸುವವರು ಯಾರೂ ಹೊಸ ತಬಲಾ ಎನ್ನುವುದಿಲ್ಲ.

ಎರಡನೆಯ ತಕರಾರು ನಾದದ್ದು. ಹೊಸ ಬೋರ್ಡು ಹಾಕಿದರೆ ಹಳೆಯ ಧ್ವನಿ ಹೋಗುತ್ತದೆ ಎನ್ನುವವರು ಹಳೆಯ ಧ್ವನಿ ಎಂದು ಯಾವುದನ್ನು ಕರೆಯುತ್ತಿದ್ದಾರೆ ಎಂದು ನೋಡಬೇಕು. ಆರಿದ ಕಂಡೆನ್ಸರುಗಳಿಂದ ಹಮ್ ಏರಿ, ಮಂದ್ರ ಇಳಿದುಹೋದ ಈಗಿನ ಧ್ವನಿ ಅದು ಕಾರ್ಖಾನೆಯಿಂದ ಹೊರಬಂದ ದಿನದ ಧ್ವನಿಯಲ್ಲ. ಅದೇ ನಂಬರಿನ ಭಾಗ ಹಾಕಿದರೆ ಅದೇ ಧ್ವನಿ ಬರುತ್ತದೆ ಎಂಬುದೂ ಭ್ರಮೆ. 2ಎನ್3055ನ್ನೇ ತೆಗೆದುಕೊಳ್ಳಿ. 1960ರ ದಶಕದ ಅದರ ಮೊದಲ ರೂಪ ನಿಧಾನದ್ದು. ಆಮೇಲೆ ತಯಾರಿಕೆಯ ವಿಧಾನ ಬದಲಾಗಿ, ಅದೇ ನಂಬರಿನಲ್ಲಿ ಮೂರು ಪಟ್ಟು ಚುರುಕಾದ ಟ್ರಾನ್ಸಿಸ್ಟರು ಬಂತು. ನಿಧಾನದ ಒಂದಕ್ಕೆಂದು ಲೆಕ್ಕ ಹಾಕಿದ ಹಳೆಯ ಸರ್ಕ್ಯೂಟಿನಲ್ಲಿ ಚುರುಕಾದದ್ದನ್ನು ಹಾಕಿದರೆ, ಕಿವಿಗೆ ಕೇಳದಷ್ಟು ಎತ್ತರದ ಆವರ್ತದಲ್ಲಿ ಸರ್ಕ್ಯೂಟು ತಾನೇ ಆಂದೋಲಿಸತೊಡಗಿ ಟ್ರಾನ್ಸಿಸ್ಟರು ಸುಡುವುದುಂಟು. ಮೂಲ ಭಾಗವನ್ನೇ ಹಾಕಿದೆವೆಂದು ನಿಷ್ಠೆ ತೋರಿದವರು ಮೂಲ ಯಂತ್ರವನ್ನು ಕೊಂದ ಹಾಗೆ ಆಗುತ್ತದೆ. ಒಳ್ಳೆಯ ಕಿಟ್ಟು ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡು, ಇಂದು ಸಿಗುವ ಟ್ರಾನ್ಸಿಸ್ಟರಿಗೆ ತಕ್ಕ ಸಣ್ಣ ಕಂಡೆನ್ಸರುಗಳನ್ನು ಸೇರಿಸಿ ಬೋರ್ಡು ಬರೆದಿರುತ್ತದೆ.

ಮೂರನೆಯದು ಕಸುಬಿನ ಬಗ್ಗೆ: ಸಿದ್ಧ ಬೋರ್ಡು ಬಂದ ಮೇಲೆ ದೋಷ ಹುಡುಕುವ ವಿದ್ಯೆ ಹೋಯಿತು, ಬಿಚ್ಚಿ-ಹಾಕು ಎಂಬಷ್ಟೇ ಉಳಿಯಿತು. ಅರ್ಧ ನಿಜ. ಕೋಠಿಯಿಂದ ಬೆಸೆದೇ ಬರುವ ಬೋರ್ಡಿಗೆ ಮೂರು ತಂತಿ ಸೇರಿಸುವವನು ಏನನ್ನೂ ಕಲಿಯುವುದಿಲ್ಲ. ಆದರೆ ಕಿಟ್ಟು ಬೇರೆ; ಅದರಲ್ಲಿ ಬೋರ್ಡು ಬೋಳಾಗಿ ಬರುತ್ತದೆ, ಭಾಗಗಳನ್ನು ಅಳೆದು ಕೂರಿಸುವುದು ಕೂರಿಸುವವನ ಪಾಲು. ಮೊದಲ ಸಲ ಕರೆಂಟು ಕೊಡುವ ಗಳಿಗೆಯಲ್ಲಿ ವಿದ್ಯೆ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಸೀರೀಸ್ ಲ್ಯಾಂಪ್ ಇಲ್ಲದೆ ಯಾವ ಮೆಕ್ಯಾನಿಕ್ಕೂ ಸ್ವಿಚ್ಚು ಒತ್ತುವುದಿಲ್ಲ: ಮೇನ್ಸಿನ ತಂತಿಯ ನಡುವೆ 60 ಅಥವಾ 100 ವ್ಯಾಟಿನ ಹಳೆಯ ಬಲ್ಬು. ದೊಡ್ಡ ಕಂಡೆನ್ಸರು ತುಂಬುವಾಗ ಬಲ್ಬು ಒಮ್ಮೆ ಭಗ್ಗನೆ ಉರಿದು ಮಂಕಾದರೆ ಸರಿ. ಉರಿಯುತ್ತಲೇ ಉಳಿದರೆ ಒಳಗೆಲ್ಲೋ ಶಾರ್ಟ್, ಹತ್ತು ರೂಪಾಯಿಯ ಬಲ್ಬು ನೂರಾರು ರೂಪಾಯಿಯ ಟ್ರಾನ್ಸಿಸ್ಟರನ್ನು ಉಳಿಸಿತು ಎಂದರ್ಥ. ಆಮೇಲೆ ಪ್ರೀಸೆಟ್ ತಿರುಗಿಸಿ ಬಯಾಸ್, ಅಂದರೆ ಹಾಡಿಲ್ಲದಾಗಲೂ ಟ್ರಾನ್ಸಿಸ್ಟರಿನಲ್ಲಿ ಹರಿಯುವ ಸಣ್ಣ ಕರೆಂಟು, ಕೂರಿಸಬೇಕು. 0.22 ಓಮ್ ರೆಸಿಸ್ಟರಿನ ಎರಡು ಕಾಲುಗಳ ನಡುವೆ ಮೀಟರಿಟ್ಟಾಗ 11 ಮಿಲಿವೋಲ್ಟು ತೋರಿಸಿದರೆ ಟ್ರಾನ್ಸಿಸ್ಟರಿನಲ್ಲಿ 50 ಮಿಲಿಆಂಪ್ಸ್ ಹರಿಯುತ್ತಿದೆ. ಅದಕ್ಕಿಂತ ತೀರ ಕಡಿಮೆಯಾದರೆ ಮೆಲುದನಿಯಲ್ಲಿ ಕರಕರ. ಹೆಚ್ಚಾದರೆ ಹೀಟ್ ಸಿಂಕು ಮುಟ್ಟಲಾಗದಷ್ಟು ಬಿಸಿ, ಬಿಸಿಯಾದಷ್ಟೂ ಇನ್ನಷ್ಟು ಹರಿವು, ಕೊನೆಗೆ ಹೊಗೆ. ಅರ್ಧ ತಾಸು ಬಿಟ್ಟು ಮತ್ತೆ ಅಳೆಯಬೇಕು. ಇಷ್ಟು ಮಾಡಿದವನಿಗೆ ವಿದ್ಯೆ ಹೋಯಿತು ಎಂದು ಹೇಳಲು ನನಗೆ ಮನಸ್ಸಿಲ್ಲ.

ಹಾಗೆಂದು ಎಲ್ಲ ಬದಲಿಯನ್ನೂ ಸಮರ್ಥಿಸುತ್ತಿಲ್ಲ. ಹಳೆಯ ಕ್ಯಾಬಿನೆಟ್ಟಿನ ಟ್ರಾನ್ಸ್‌ಫಾರ್ಮರನ್ನೂ ಕಿತ್ತು ಗುಜರಿಗೆ ಹಾಕಿ, ಒಳಗೆ ಅಂಗೈಯಗಲದ ಕ್ಲಾಸ್-ಡಿ ಬೋರ್ಡು ಕೂರಿಸಿ, ಮುಂದೆ ಬ್ಲೂಟೂತಿನ ನೀಲಿ ದೀಪಕ್ಕೆ ತೂತು ಕೊರೆಯುವುದಿದೆ. ಅದು ಅಗ್ಗ, ಅದರ ಧ್ವನಿಯನ್ನೂ ತೆಗಳುವಂತಿಲ್ಲ. ಆದರೆ ಅಲ್ಲಿ ಹಳೆಯ ಯಂತ್ರದ ಯಾವ ನಿರ್ಧಾರವೂ ಉಳಿಯುವುದಿಲ್ಲ. ಎಷ್ಟು ವೋಲ್ಟಿನಲ್ಲಿ, ಎಷ್ಟು ಬಿಸಿಯಲ್ಲಿ, ಯಾವ ಸ್ಪೀಕರಿಗೆ ಎಂದು ಮೊದಲು ಮಾಡಿದವರು ಹಾಕಿದ ಲೆಕ್ಕ ಪೂರ್ತಿ ಅಳಿಸಿಹೋಗುತ್ತದೆ. ಬದಲಿ ಬೋರ್ಡಿನ ಕಿಟ್ಟು ಆ ಲೆಕ್ಕವನ್ನು ಒಪ್ಪಿಕೊಂಡು ಶುರುವಾಗುತ್ತದೆ. ನಕಲಿ ಟ್ರಾನ್ಸಿಸ್ಟರಿನ ಕಾಟವಂತೂ ವಾದದಿಂದ ಬಗೆಹರಿಯುವುದಲ್ಲ. ಮೇಲೆ ದೊಡ್ಡ ನಂಬರು, ಟೋಪಿ ಕತ್ತರಿಸಿ ನೋಡಿದರೆ ಒಳಗೆ ಸಾಸಿವೆಯಷ್ಟು ಸಿಲಿಕಾನ್. ಅಂಥದ್ದನ್ನು ಕೂರಿಸಿದ ಅತ್ಯುತ್ತಮ ಕಿಟ್ಟೂ ಮೊದಲ ಮದುವೆಯಲ್ಲೇ ಕೈಕೊಡುತ್ತದೆ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಅದೇ ಡಿಸೆಂಬರಿನಲ್ಲಿ ಒಂದು ಪೋರ್ಟಲನ್ನೂ ತೆರೆಯಿತು. ತಯಾರಕರು ಕೈಪಿಡಿಯನ್ನೂ ಬಿಡಿ ಭಾಗಗಳ ವಿವರವನ್ನೂ ಜನರಿಗೆ ಕೊಡಬೇಕೆಂಬುದು ಅದರ ಆಶಯ. ಒಳ್ಳೆಯದೇ. ಆದರೆ ಅದು ತಯಾರಕನೊಬ್ಬ ಇದ್ದಾನೆ ಎಂದುಕೊಂಡು ಮಾಡಿದ ಏರ್ಪಾಡು. ಬಾಗಿಲು ಹಾಕಿದ ಕಂಪನಿಯ ಆಂಪ್ಲಿಫೈಯರಿಗೆ, ಐದು ಅಂಗಡಿಯ ಭಾಗಗಳಿಂದ ಎದ್ದು ನಿಂತ ಅಸೆಂಬಲ್ಡ್ ಸೆಟ್ಟಿಗೆ, ನೋಟಿಸು ಕಳಿಸಲು ವಿಳಾಸವೇ ಇಲ್ಲ. ಅವುಗಳ ಪಾಲಿಗೆ ಕೈಪಿಡಿ ಬರೆಯಬಲ್ಲವನು ಕಿಟ್ಟು ಮಾಡುವವನು ಮಾತ್ರ. ಬೋರ್ಡಿನ ಜೊತೆ ಸರ್ಕ್ಯೂಟಿನ ನಕ್ಷೆ, ಪ್ರತಿ ಭಾಗದ ಅಳತೆ, ಬಯಾಸಿನ ಅಂಕಿ, ಮೂಲಕ್ಕಿಂತ ಎಲ್ಲೆಲ್ಲಿ ಬದಲಿಸಿದೆ ಎಂಬ ವಿವರ ಇರುವ ಒಂದು ಹಾಳೆ ಅವನು ಕೊಟ್ಟರೆ ಮುಂದಿನ ಮೆಕ್ಯಾನಿಕ್ಕನಿಗೆ ದಾರಿ ಇದೆ. ಪಶ್ಚಿಮದ ಒಳ್ಳೆಯ ಕಿಟ್ಟಿನವರು ಬಹುಮಟ್ಟಿಗೆ ಇದನ್ನು ಕೊಡುತ್ತಾರೆ. ಕೋಠಿಯ ಬೋರ್ಡಿನ ಜೊತೆ ಸಾಮಾನ್ಯವಾಗಿ ಬರುವುದು ಪ್ಲಾಸ್ಟಿಕ್ ಕವರು, ಮತ್ತು ಯಾವ ತಂತಿ ಎಲ್ಲಿಗೆ ಎಂದು ಅಂಗಡಿಯವನು ಬಾಯಲ್ಲಿ ಹೇಳುವ ಎರಡು ಮಾತು. ಸಂಗ್ರಹಕಾರರು ಜಗಳ ತೆಗೆಯಬೇಕಾದ್ದು ಈ ಹಾಳೆಯ ವಿಷಯಕ್ಕೆ.